ಟಗರು ಚರ್ಚಿಗೆ ಹೋದ ಭಾನುವಾರ

"ಜನರಲ್! ಏ ಜನರಲ್! ನಿಂತ್ಕೋ!"

ರೊಫಿಯತ್ ಬರಿಗಾಲಲ್ಲಿ ಓಡುತ್ತಿದ್ದಳು. ಅವಳ ಕೈಯಲ್ಲಿ ಹಗ್ಗವಿತ್ತು. ಹಗ್ಗದ ತುದಿಯಲ್ಲಿ ಇರಬೇಕಾಗಿದ್ದ ಟಗರು ಮಾತ್ರ ಬೀದಿಯ ಆ ತುದಿಯಲ್ಲಿತ್ತು.

ಬೀದಿ ಬದಿಯಲ್ಲಿ ಅಲಸಂದೆ ವಡೆ ಕರಿಯುತ್ತಿದ್ದ ಹೆಂಗಸು ನಕ್ಕಳು. "ಏನೇ ರೊಫಿಯತ್, ಟಗರನ್ನ ನೀನು ವಾಕಿಂಗ್ ಕರ್ಕೊಂಡು ಹೋಗ್ತಿದ್ದೀಯಾ, ಅದೇ ನಿನ್ನ ಕರ್ಕೊಂಡು ಹೋಗ್ತಿದ್ಯಾ?"

ರೊಫಿಯತ್‌ಗೆ ನಗು ಬರಲಿಲ್ಲ. ಬಕ್ರೀದಿಗೆ ಇನ್ನು ಮೂರೇ ದಿನ. ಅಪ್ಪ ವರ್ಷವಿಡೀ ಬೈಕ್ ರಿಪೇರಿ ಮಾಡಿ, ಉಳಿಸಿ ಉಳಿಸಿ ಆ ಟಗರು ತಂದಿದ್ದ. "ಮೇವು ಹಾಕೋದು, ಕಟ್ಟೋದು ಎಲ್ಲಾ ನಿಂದೇ ಡ್ಯೂಟಿ" ಅಂತ ಅವಳಿಗೇ ವಹಿಸಿದ್ದ. ಅವಳು ಅದಕ್ಕೆ ಜನರಲ್ ಅಂತ ಹೆಸರಿಟ್ಟು, ಕೊರಳಿಗೆ ತನ್ನ ಕೆಂಪು ರಿಬ್ಬನ್ ಕಟ್ಟಿದ್ದಳು.

ಇವತ್ತು ಬೆಳಗ್ಗೆ ಗೆಳತಿಯರ ಜೊತೆ ಸ್ಕಿಪ್ಪಿಂಗ್ ಆಡಲು ಹಗ್ಗ ಬೇಕಾಗಿತ್ತು. ಜನರಲ್ ಹತ್ತಿರ ಹಗ್ಗ ಇತ್ತು. ಒಂದೇ ಒಂದು ಆಟ, ಆಮೇಲೆ ಕಟ್ಟಿಬಿಡೋಣ ಅಂದುಕೊಂಡಿದ್ದಳು. ಆಟ ಮುಗಿಸಿ ತಿರುಗಿ ನೋಡಿದರೆ ಗೇಟು ತೆರೆದಿತ್ತು, ಜನರಲ್ ಇರಲಿಲ್ಲ.

ಓಡುತ್ತಾ ಓಡುತ್ತಾ ಅವಳು ಮನಸ್ಸಿನಲ್ಲೇ ಒಂದು ಉತ್ತರ ತಯಾರು ಮಾಡಿಕೊಂಡಳು. "ಹಗ್ಗ ತಾನಾಗೇ ಬಿಚ್ಕೊಂಡುಬಿಡ್ತು ಅಪ್ಪ. ಅಲ್ಲಾಹನ ಇಚ್ಛೆ." ದೇವರ ಹೆಸರು ಬಂದರೆ ಅಪ್ಪ ಮುಂದೆ ಏನೂ ಕೇಳುವುದಿಲ್ಲ.

ಜನರಲ್ ಎಡಕ್ಕೆ ತಿರುಗಿ ನೇರವಾಗಿ ಚರ್ಚಿನೊಳಗೆ ನುಗ್ಗಿತು.

ಅಲ್ಲಿ ಅವತ್ತು ಸುಗ್ಗಿ ಹಬ್ಬ. ಡ್ರಮ್ಮು ಬಡಿಯುತ್ತಿತ್ತು. ಜನ ಸಾಲಾಗಿ ಕುಣಿಯುತ್ತಾ ದೇವರಿಗೆ ಕಾಣಿಕೆ ಒಯ್ಯುತ್ತಿದ್ದರು. ಒಬ್ಬರ ತಲೆಯ ಮೇಲೆ ಬಾಳೆಗೊನೆ, ಇನ್ನೊಬ್ಬರ ಕಂಕುಳಲ್ಲಿ ಹುಂಜ, ಮತ್ತೊಬ್ಬರ ಹೆಗಲ ಮೇಲೆ ತೊಡೆಗಾತ್ರದ ಗೆಣಸಿನ ಗೆಡ್ಡೆ. ಜನರಲ್‌ಗೆ ಗೆಡ್ಡೆ ಅಂದರೆ ಪ್ರಾಣ. ಅದು ಗೆಡ್ಡೆಯವರ ಹಿಂದೆ ಸಾಲಿನಲ್ಲಿ ಶಿಸ್ತಾಗಿ ನಡೆಯಿತು.

"ಅದು ನಮ್ದು!" ರೊಫಿಯತ್ ಬಾಗಿಲಲ್ಲಿ ನಿಂತು ಕೂಗಿದಳು.

"ಹೌದು ಮಗಳೇ, ಇವತ್ತಿಂದ ನಮ್ಮೆಲ್ಲರದ್ದೂ!" ಎಂದು ಪಕ್ಕದಲ್ಲಿದ್ದ ಹೆಂಗಸು ಅವಳ ಕೈ ಹಿಡಿದು ಕುಣಿಸಿದಳು.

ಪಾಸ್ಟರು ಟಗರನ್ನು ನೋಡಿ ಕೈ ಎತ್ತಿದರು. ಡ್ರಮ್ಮು ನಿಂತಿತು. "ಇಂಥಾ ದೊಡ್ಡ ಕಾಣಿಕೆ! ತಂದವರು ಯಾರು?"

ಹಾಡುವವರ ಸಾಲಿನಲ್ಲಿ, ಬಿಳಿ ನಿಲುವಂಗಿ ತೊಟ್ಟು ನಿಂತಿದ್ದ ರೊಫಿಯತ್‌ಳ ಅಜ್ಜಿ ಕೆಂಪು ರಿಬ್ಬನ್ ನೋಡಿ ಬಾಯಿ ತೆರೆದರು. ಅಪ್ಪನ ಅಮ್ಮ ಅವರು. ಮನೆಯಲ್ಲಿ ಅಪ್ಪನಿಗೆ ಮಸೀದಿ, ಅಜ್ಜಿಗೆ ಚರ್ಚು. ಇಬ್ಬರಿಗೂ ಜಗಳ ಆಗುತ್ತಿದ್ದದ್ದು ಟಿವಿ ರಿಮೋಟಿಗೆ ಮಾತ್ರ.

ಅಜ್ಜಿಯ ಬಾಯಿಂದ ಮಾತು ಹೊರಡುವ ಮೊದಲೇ ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

"ನಾನೇ ಪಾಸ್ಟರ್!"

ಕೌನ್ಸಿಲ್ ಚುನಾವಣೆಗೆ ನಿಂತಿದ್ದ ಊರ ಮುಖಂಡ, ಚೀಫ್ ಅಡೆಗೋಕೆ! ಎದೆಗೆ ಬೈಬಲ್ ಒತ್ತಿಕೊಂಡು ಎದ್ದು ನಿಂತರು. "ಹೇಳಬಾರದು ಅಂತಿದ್ದೆ. ಆದ್ರೆ ದೇವರ ಇಚ್ಛೆ, ಹೇಳಿಸಿಬಿಟ್ಟ!"

ಚಪ್ಪಾಳೆಯೋ ಚಪ್ಪಾಳೆ. ಅವರ ಫೋಟೋಗ್ರಾಫರ್ ಮೂರು ದಿಕ್ಕಿನಿಂದ ಫೋಟೋ ತೆಗೆದ. ಜನರಲ್ ಆ ಹೊತ್ತಿಗೆ ಕಾಣಿಕೆಯ ಗೆಡ್ಡೆಯಲ್ಲಿ ಅರ್ಧ ಮುಗಿಸಿತ್ತು.

ಚಪ್ಪಾಳೆ ಕೇಳಿ ಚೀಫ್‌ಗೆ ಇನ್ನೂ ಹುರುಪು ಬಂತು. "ನನಗೆ ಎಲ್ಲಾ ಧರ್ಮಾನೂ ಒಂದೇ! ಮುಸ್ಲಿಂ ಬಂಧುಗಳಿಗೆ ಹಬ್ಬ ಬಂತು. ಚರ್ಚಿಗೆ ಕೊಟ್ಟ ಇದೇ ಟಗರನ್ನ ಈಗಲೇ ಮಸೀದಿಗೂ ಕೊಡ್ತೀನಿ!"

"ಕೊಟ್ಟದ್ದನ್ನೇ ವಾಪಸ್ಸು ತಗೊಂಡು...?" ಪಾಸ್ಟರು ಶುರುಮಾಡಿದರು. ಮತ್ತೆ ಚಪ್ಪಾಳೆ ಎದ್ದದ್ದರಿಂದ ಮುಂದಿನದು ಯಾರಿಗೂ ಕೇಳಲಿಲ್ಲ.

ನಾಲ್ಕು ಜನ ಸೇರಿ ಜನರಲ್‌ನನ್ನು ಕಾರಿಗೆ ಹತ್ತಿಸಿದರು. ಅದು ಕಿಟಕಿಯಿಂದ ತಲೆ ಹೊರಹಾಕಿ, ತನಗೇ ಓಟು ಬೇಕು ಅನ್ನುವ ಹಾಗೆ ಊರನ್ನೆಲ್ಲ ನೋಡಿತು. ಕಾರು ಹೊರಡುವಾಗ ರೊಫಿಯತ್ ಕಂಡಳು: ಚೀಫ್ ಬೈಬಲನ್ನು ಸೀಟಿನ ಕೆಳಗೆ ತಳ್ಳಿ, ಅಲ್ಲಿಂದಲೇ ಒಂದು ಬಿಳಿ ಟೋಪಿ ಹೊರಗೆಳೆದರು. ಜೊತೆಗೆ ಒಂದು ಜಪಮಾಲೆ.

"ಅಜ್ಜೀ, ಯಾಕೆ ಸುಮ್ನಿದ್ದೆ?" ಹೊರಗೆ ಓಡಿಬಂದ ಅಜ್ಜಿಯನ್ನು ಕೇಳಿದಳು.

"ಕೊನೆ ಹಾಡು ಇನ್ನೂ ಬಾಕಿ ಇತ್ತಲ್ಲೇ!" ಅಂದರು ಅಜ್ಜಿ. ಆದರೂ ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಬಾಡಿಗೆ ಬೈಕೊಂದನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದರು. "ಹತ್ತು! ಏ ತಮ್ಮಾ, ಆ ಟಗರಿನ ಹಿಂದೆ ಬಿಡು!"

"ಯಾವ ಟಗರು ಅಮ್ಮಾ?"

"ಕಾರಲ್ಲಿ ಕೂತಿದ್ಯಲ್ಲಾ, ಅದೇ!"

ಬೈಕು ಮಸೀದಿ ತಲುಪಿದಾಗ ಮಧ್ಯಾಹ್ನದ ನಮಾಜು ಮುಗಿದಿತ್ತು. ಅಂಗಳದಲ್ಲಿ ಜನ ಸೇರಿದ್ದರು. ನಡುವೆ ಬಿಳಿ ಟೋಪಿಯ ಚೀಫ್, ಪಕ್ಕದಲ್ಲಿ ಜನರಲ್.

"ಈ ಟಗರನ್ನ ಮರಿಯಿಂದ ನನ್ನ ಕೈಯಾರೆ ಮೇಯಿಸಿದ್ದೀನಿ," ಎನ್ನುತ್ತಿದ್ದರು ಚೀಫ್. "ಇವತ್ತು ಇಲ್ಲಿಗೆ ತಂದಿದ್ದೀನಿ. ಅಲ್ಲಾಹನ ಇಚ್ಛೆ!"

ರೊಫಿಯತ್ ಗೇಟಿನಲ್ಲೇ ನಿಂತುಬಿಟ್ಟಳು. ಅದು ಅವಳ ಮಾತು! ಅಪ್ಪನಿಗೆ ಹೇಳೋಣ ಅಂತ ಅವಳು ಬೆಳಗ್ಗೆಯಿಂದ ಇಟ್ಟುಕೊಂಡಿದ್ದ ಮಾತು.

"ಬಡವರೊಬ್ಬರಿಗೆ ಕೊಟ್ಟರೆ ಫೋಟೋ ಚೆನ್ನಾಗಿ ಬರತ್ತೆ ಸರ್," ಎಂದ ಫೋಟೋಗ್ರಾಫರ್. ಎಲ್ಲರನ್ನೂ ಒಮ್ಮೆ ನೋಡಿದ. ಅಂಗಡಿಯಿಂದ ನೇರ ನಮಾಜಿಗೆ ಬಂದಿದ್ದ ಒಬ್ಬ ಮನುಷ್ಯನ ಅಂಗಿಯ ತೋಳು ಹರಿದಿತ್ತು. "ಇವರೇ! ಅಣ್ಣಾ, ಮುಂದೆ ಬನ್ನಿ. ಸ್ವಲ್ಪ ದುಃಖದ ಮುಖ ಮಾಡಿ."

ಮುಂದೆ ಬಂದವನು ರೊಫಿಯತ್‌ಳ ಅಪ್ಪ.

ಅಪ್ಪ ಟಗರನ್ನು ನೋಡಿದ. ಕೆಂಪು ರಿಬ್ಬನ್ ನೋಡಿದ. ಗೇಟಿನಲ್ಲಿ ಹಗ್ಗ ಹಿಡಿದು ನಿಂತ ಮಗಳನ್ನು ನೋಡಿದ. ಅವಳ ಪಕ್ಕದಲ್ಲಿ ಚರ್ಚಿನ ನಿಲುವಂಗಿಯಲ್ಲಿದ್ದ ತನ್ನ ಅಮ್ಮನನ್ನು ನೋಡಿದ. ಆಮೇಲೆ ಎರಡೂ ಕೈ ಚಾಚಿ ತನ್ನ ಟಗರನ್ನು ತಾನೇ ದಾನ ತಗೊಂಡ.

"ಬಹಳ ಉಪಕಾರ ಚೀಫ್," ಎಂದ ಗಂಭೀರವಾಗಿ. "ನಮ್ಮನೇದೇ ಅನ್ನೋ ಹಾಗಿದೆ."

"ಸ್ಮೈಲ್ ಸರ್!" ಎಂದ ಫೋಟೋಗ್ರಾಫರ್.

ಚೀಫ್ ಜನರಲ್‌ನ ಕೊಂಬು ಹಿಡಿದು ನಕ್ಕರು. ಕೊಂಬು ಹಿಡಿದರೆ ಜನರಲ್‌ಗೆ ಆಗುವುದಿಲ್ಲ ಅನ್ನುವುದು ಮರಿಯಿಂದ ಮೇಯಿಸಿದವರಿಗೆ ಗೊತ್ತಿರಬೇಕಿತ್ತು. ಅದು ಒಂದು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಗುಮ್ಮಿತು. ಚೀಫ್ ಹೋಗಿ ಕೈಕಾಲು ತೊಳೆಯುವ ನೀರಿನ ಕೊಡಗಳ ನಡುವೆ ಕೂತರು. ಬಿಳಿ ಟೋಪಿ ಕೊಡದಲ್ಲಿ ತೇಲಿತು.

ದಾರಿಯುದ್ದಕ್ಕೂ ಅಪ್ಪ, ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ರೊಫಿಯತ್ ಮಾತ್ರ ಹಿಂದೆ ಹಿಂದೆ ನಡೆದಳು.

ಸಂಜೆ ಅಪ್ಪ ಜನರಲ್‌ನನ್ನು ಮಾವಿನ ಮರದ ಹತ್ತಿರ ಹಿಡಿದು ನಿಂತ. "ಅಲ್ಲ ಕಣೇ, ಇದು ಬಿಚ್ಕೊಂಡಿದ್ದಾದ್ರೂ ಹೇಗೆ?"

"ಅಪ್ಪಾ, ಅಲ್ಲಾಹ..."

ಅಷ್ಟರಲ್ಲಿ ಬೀದಿಯಲ್ಲಿ ಮೈಕಿನ ವ್ಯಾನು ಬಂತು. "ಬಡವನಿಗೆ ಟಗರು ಕೊಟ್ಟ ಕೈ! ದೇವರೇ ಕಳಿಸಿದ ನಾಯಕ! ನಿಮ್ಮ ಓಟು ಚೀಫ್ ಅಡೆಗೋಕೆಗೆ!"

ವ್ಯಾನು ದೂರ ಹೋಗುವವರೆಗೆ ರೊಫಿಯತ್ ಕೈಯಲ್ಲಿದ್ದ ಹಗ್ಗವನ್ನೇ ನೋಡುತ್ತಿದ್ದಳು.

"ಅದು ಬಿಚ್ಕೊಳ್ಳಲಿಲ್ಲ ಅಪ್ಪ," ಎಂದಳು. "ಸ್ಕಿಪ್ಪಿಂಗ್ ಆಡೋಕೆ ನಾನೇ ಹಗ್ಗ ಬಿಚ್ಚಿದ್ದೆ."

ಅಪ್ಪ ಟಗರನ್ನು ಅವಳ ಕಡೆಗೆ ತಳ್ಳಿದ. "ಸರಿ, ಈಗ ಕಟ್ಟು."

ಅವನು ನಮಾಜಿಗೆ ಕಾಲು ತೊಳೆಯಲು ಹೋದ. ಒಳಗೆ ಅಜ್ಜಿ ಬೆಳಗ್ಗೆ ಹಾಡದೆ ಬಿಟ್ಟು ಬಂದ ಕೊನೆ ಹಾಡನ್ನು ತಮ್ಮಷ್ಟಕ್ಕೆ ಗುನುಗುತ್ತಿದ್ದರು. ಅಲ್ಲಿ ಯಾವ ಫೋಟೋಗ್ರಾಫರೂ ಇರಲಿಲ್ಲ.

ರೊಫಿಯತ್ ಹಗ್ಗವನ್ನು ಮರಕ್ಕೆ ಸುತ್ತಿ ಗಂಟು ಹಾಕಿದಳು. ಜಗ್ಗಿ ನೋಡಿದಳು. ಮೇಲೊಂದು ಗಂಟು ಹಾಕಿ, ಮತ್ತೊಮ್ಮೆ ಜಗ್ಗಿ ನೋಡಿದಳು.