ಯಂತ್ರದೊಳಗಿನ ಚಿನ್ನ

"ರಾಜಾ… ನನ್ನ ಬಿಟ್ಟು ಎಲ್ಲೂ ಹೋಗಬೇಡ ಕಣೋ!"

ಸ್ಪೀಕರಿನಿಂದ ಹರಿದು ಬಂದ ಆ ಜೇನುದನಿಗೆ ಸಂಶೋಧಕಿಯ ಕೈಲಿದ್ದ ಕಾಫಿ ತುಳುಕಿತು.

ಗಾಜಿನಾಚೆ ಮೆದುಳಿನ ಸ್ಕ್ಯಾನಿಂಗ್ ಯಂತ್ರ. ಅದರ ಬಾಯಿಂದ ಕೆಂಪು ಕಾಲುಚೀಲದ ಎರಡು ಪಾದ ಮಾತ್ರ ಹೊರಗೆ. ಗಾಜಿನೀಚೆ, ಮೈಕಿನ ಮುಂದೆ, ಟೆಕ್ನೀಷಿಯನ್. ಹೋದ ವಾರವಷ್ಟೇ ಸಂಶೋಧಕಿಗೆ "ನಿಮ್ಮನ್ನ ಪ್ರೀತಿಸ್ತೀನಿ" ಅಂದವನು!

ಹೆಣ್ಣು-ಗಂಡು, ಎಳೆಯರು-ಮುದುಕರು, ಯಾರ ತಲೆಯಲ್ಲಿ ಯಾವ ರಸಾಯನ ಎಷ್ಟು ಎಂಬುದೇ ಅವಳ ಅಧ್ಯಯನ. ಚಿತ್ರ ನೋಡಿಯೇ ಮೆದುಳಿನ ವಯಸ್ಸು ಹೇಳಬಲ್ಲ ಜಾಣೆ. "ಪ್ರೀತಿ ಅಂದ್ರೆ ಬರೀ ಡೋಪಮೈನ್ ರೀ, ವಯಸ್ಸಾದ್ರೆ ಇಳಿಯುತ್ತೆ" ಅಂತ ಅವನಿಗೆ ಅಂದುಬಿಟ್ಟಿದ್ದಳು. ಅದಕ್ಕೇ ಅವನು ಬೇರೆ ಊರಿನ ಕೆಲಸಕ್ಕೆ ನಾಳೆ ಹೂಂ ಅನ್ನುವವನಿದ್ದ.

"ಅಲ್ಲಾಡಬೇಡ ಚಿನ್ನ, ಇಲ್ಲೇ ಇದ್ದೀನಿ," ಎಂದ ಅವನು ಮೈಕಿಗೆ.

ಚಿನ್ನ ಅಂತೆ ಚಿನ್ನ! ನನಗೆ ಮಾತ್ರ ಮೇಡಂ…

"ಯಾರ್ರೀ ಅವಳು?"

"ತುಂಬಾ ಹಳೇ ಪರಿಚಯ ಮೇಡಂ. ಎತ್ತಿ ಮುದ್ದಾಡಿದ್ದಾಳೆ."

ಎತ್ತಿ…? ಅವಳು ಯಂತ್ರದ ಕೋಣೆಯತ್ತ ಧಾವಿಸಿದಳು! ಆದರೂ ಕಸುಬು ಮರೆಯಲಿಲ್ಲ. ಯಂತ್ರದೊಳಗೆ ಭಾರೀ ಅಯಸ್ಕಾಂತ, ಆ ಕೋಣೆಗೆ ಲೋಹ ಒಯ್ಯುವಂತಿಲ್ಲವಲ್ಲ! ಗಡಿಯಾರ, ಓಲೆ, ಕೂದಲ ಕ್ಲಿಪ್ಪು ಎಲ್ಲ ಕಿತ್ತೆಸೆದು, ಕೆದರಿದ ತಲೆಯಲ್ಲೇ ನುಗ್ಗಿದಳು. ಗುಂಡಿ ಒತ್ತಿದಳು. ಹಾಸಿಗೆ ಮೆಲ್ಲಗೆ ಹೊರಜಾರಿತು.

ಬೆಳ್ಳಗಿನ ಕೂದಲು! ಸುಕ್ಕುಗಟ್ಟಿದ ಕೆನ್ನೆ!

"ಬಾರೇ ತಾಯಿ! ನಾನು ಇವನ ಅಜ್ಜಿ," ಅದೇ ಜೇನುದನಿ. "ಒಂದು ಕಾಲದಲ್ಲಿ ನಾಟಕದಲ್ಲಿ ನಾಯಕಿ ಆಗಿದ್ದೆ. ಈ ಗಂಟಲಿಗೆ ವಯಸ್ಸಾಗು ಅಂದ್ರೆ ಕೇಳಲ್ಲ. ನಿನ್ನ ಬಾಯಿ ಬಿಡಿಸೋಣ ಅಂತ ನಾನೇ ಇವನಿಗೆ ಈ ಆಟ ಹೇಳ್ಕೊಟ್ಟೆ."

ಬಾಗಿಲಲ್ಲಿ ಅವನು ನಗು ತಡೆದುಕೊಂಡು ನಿಂತಿದ್ದ. "ಅಜ್ಜಿ ಮೆದುಳಿನ ಚಿತ್ರ ಪರದೆ ಮೇಲೇ ಇತ್ತಲ್ಲ ಮೇಡಂ! ಒಂದ್ಸಲ ನೋಡಿದ್ರೆ ಎಪ್ಪತ್ತು ದಾಟಿದ್ದು ಅಂತ ನಿಮಗೇ ಗೊತ್ತಾಗ್ತಿತ್ತು."

"ನೋಡ್ಲಿಲ್ಲ…"

"ಮತ್ತೇನು ನೋಡ್ತಿದ್ರಿ?"

"ನಿಮ್ಮನ್ನ."

ಅವನ ನಗು ನಿಂತಿತು.

"ಆ ಊರಿಗೆ ಹೋಗಬೇಡಿ," ಎಂದಳು ಅವಳು.

"ಹೋಗಲ್ಲ. ಆದ್ರೆ… ಇದೂ ಬರೀ ಡೋಪಮೈನಾ?"

"ಏನಾದ್ರೂ ಆಗ್ಲಿ. ಇಳಿಯೋದಾದ್ರೆ ಇಬ್ಬರದ್ದೂ ಒಟ್ಟಿಗೇ ಇಳೀಲಿ. ಮತ್ತೆ… ಚಿನ್ನ ಅನ್ನೋದು ಇನ್ಮೇಲೆ ನನಗೇ!"

"ಅಯ್ಯೋ, ನನ್ನ ಮೇಲೂ ಹೊಟ್ಟೆಕಿಚ್ಚೇನೇ?" ಎಂದಳು ಅಜ್ಜಿ, ಈ ಸಲ ಥೇಟ್ ಸಂಶೋಧಕಿಯದೇ ದನಿಯಲ್ಲಿ!

ಅದಕ್ಕೆ ಅವಳು ನಕ್ಕ ನಗುವಿಗೆ ಮಿಕ್ಕವರಿಬ್ಬರ ನಗು ಕೇಳಿಸಲೇ ಇಲ್ಲ.