ಎಡಕ್ಕೆ ಮಲಗಿದ ತೂಕಗಳು

ನೀಲಿ ಮತ್ತೆ ಸೋತಿತ್ತು. ಕಡುನೀಲಿಯಾಗಬೇಕಿದ್ದ ಬಟ್ಟೆ, ಕನಸಿನಲ್ಲಿ ಕಂಡು ಅರ್ಧ ಮರೆತ ಬಣ್ಣದಂತೆ, ಅಂಗಳದ ತಂತಿಗಳ ಮೇಲೆ ತೆಳ್ಳಗೆ ತೂಗಾಡುತ್ತಿತ್ತು. ಅದರ ನಡುವೆ ನಿಂತರೆ ಯಾರ ಮೇಲೂ ಸಿಟ್ಟು ಬರುವಂತಿರಲಿಲ್ಲ. ನನ್ನ ತಂಗಿಗೆ ಮಾತ್ರ ಬಂದಿತ್ತು.

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆ ಅವಳದು. "ನೀಲಿ ಪುಡಿ ಕದೀತಿರೋದು ಬಣ್ಣದಜ್ಜನೇ, ಭಾವ," ಎಂದಳು ನನ್ನ ಯಜಮಾನರಿಗೆ. "ಕಂಪ್ಯೂಟರ್ ಹೇಳಿದಷ್ಟು ನಾನೇ ತೂಗಿ ಕೊಡ್ತೀನಿ. ತೊಟ್ಟಿಗೆ ಅಷ್ಟು ಬೀಳ್ತಿಲ್ಲ. ಸಂಜೆ ಅವರನ್ನ ಕಳಿಸಿಬಿಡ್ತೀನಿ."

ಬಣ್ಣದಜ್ಜ ನಮ್ಮಪ್ಪನ ಕಾಲದಿಂದ ಅಲ್ಲಿ ಬಟ್ಟೆ ಅದ್ದುವವರು. ನಮ್ಮಿಬ್ಬರನ್ನೂ ಎತ್ತಿ ಆಡಿಸಿದ ಆ ಕೈಗಳು ಮೊಣಕೈವರೆಗೆ ನೀಲಿ. ಕಳ್ಳರೆನಿಸಿಕೊಂಡು ಅವರು ಗೇಟು ದಾಟಬಾರದೆಂದು ನಾನು ಯಜಮಾನರ ಕಡೆ ನೋಡಿದೆ.

ಯಜಮಾನರು ಪತ್ತೇದಾರಿಕೆಯಲ್ಲಿ ಹೆಸರು ಮಾಡಿದವರು. ಅವರ ಕನ್ನಡಕ ಹುಡುಕಿಕೊಡಲು ಮಾತ್ರ ನಾನೇ ಬೇಕು.

"ಪುಡಿ ಕಮ್ಮಿ ಅನ್ನಿಸಲಿಲ್ವಾ, ಅಜ್ಜ?" ಎಂದು ಕೇಳಿದರು ಯಜಮಾನರು.

"ಅನ್ನಿಸ್ತು. ಹೇಳ್ದೆ. ಕಂಪ್ಯೂಟರ್ ತಪ್ಪು ಮಾಡಲ್ಲ ಅಂದ್ರು ಅಮ್ಮ," ಎಂದರು ಅಜ್ಜ, ತಂಗಿಯ ಕಡೆ ನೋಡಿ.

"ಯಾವಾಗಿಂದ ಹೀಗೆ?"

"ಅನುಮಾನ ಬಂದ ಬಟ್ಟೆ ಸುರುಳಿಗಳನ್ನ ಅಮ್ಮ ತಾವೇ ಇನ್ನೊಂದ್ಸಲ ತೂಗೋಕೆ ಶುರು ಮಾಡಿದಾಗಿಂದ."

ಯಜಮಾನರು ಕಂಪ್ಯೂಟರಿನ ಮುಂದೆ ಕೂತರು. ಬಟ್ಟೆಯ ಸುರುಳಿಗಳ ತೂಕ ಒಂದರ ಕೆಳಗೊಂದು; ಕೊನೆಗೆ ಮೊತ್ತದ ಸೂತ್ರ; ಆ ಮೊತ್ತದಿಂದಲೇ ಪುಡಿಯ ಪ್ರಮಾಣ. ಸೂತ್ರ ಸರಿಯಾಗಿಯೇ ಇತ್ತು. ಅವರ ಕಣ್ಣು ಅರೆ ಮುಚ್ಚಿತು — ನಿದ್ದೆ ಬಂತೇನೋ ಅಂದುಕೊಂಡೆ.

"ಎಲ್ಲ ಅಂಕಿಗಳೂ ಚೌಕದ ಬಲಕ್ಕೆ ಒರಗಿವೆ. ಕೆಲವು ಮಾತ್ರ ಯಾಕೆ ಎಡಕ್ಕೆ ಮಲಗಿವೆ?"

"ಹೇಗೆ ಮಲಗಿದ್ರೇನು ಭಾವ? ತೂಕ ತೂಕಾನೇ."

ಅವರು ಅಂಥದೊಂದರ ಮೇಲೆ ಕ್ಲಿಕ್ ಮಾಡಿದರು. ಮೇಲಿನ ಪಟ್ಟಿಯಲ್ಲಿ ಕಂಡಿತು: '42. ಅಂಕಿಯ ಮುಂದೆ ಸಣ್ಣದೊಂದು ಗೀಟು.

"ಇದು ಯಾರ ಕೈಚಳಕ?"

"ನಂದೇ," ಎಂದಳು ತಂಗಿ. "ಇನ್ನೊಂದ್ಸಲ ತೂಗಿ ಸರಿಯಿದ್ರೆ ಅಪ್ಪ ಹೀಗೇ ಗೀಟು ಹಾಕ್ತಿದ್ರು. ಚೌಕದಲ್ಲಿ ಅದು ಕಾಣಲ್ಲ, ಮೂಲೇಲಿ ಹಸಿರು ಬರುತ್ತೆ. ಒಪ್ಕೊಂಡಿದೆ ಅಂದ್ಕೊಂಡೆ."

"ಅದು ಒಪ್ಪಿಗೆಯಲ್ಲ, ಎಚ್ಚರಿಕೆ. ಅಂಕಿ ಮುಂದೆ ಆ ಗೀಟಿದ್ರೆ ಕಂಪ್ಯೂಟರ್ ಅದನ್ನ ಬರೀ ಬರಹ ಅಂತ ತಿಳ್ಕೊಳ್ಳುತ್ತೆ, ಎಡಕ್ಕೆ ಇಡುತ್ತೆ, ಮೊತ್ತಕ್ಕೆ ಸೇರಿಸಲ್ಲ. ಸುರುಳಿಗಳೆಲ್ಲಾ ತೊಟ್ಟಿಗೆ ಇಳಿದ್ವು. ನೀನು ಅನುಮಾನಪಟ್ಟು ತೂಗಿದವುಗಳ ಪಾಲಿನ ಪುಡಿ ಮಾತ್ರ ಡಬ್ಬದಲ್ಲೇ ಉಳೀತು. ನೀಲಿ ಕದ್ದೋಳು ನೀನೇ ಕಣಮ್ಮ."

ತಂಗಿ ಕೀಬೋರ್ಡ್ ಎಳೆದುಕೊಂಡಳು. ಒಂದೊಂದೇ ಗೀಟು ಅಳಿಸಿದಳು. ಅಂಕಿಗಳು ಬಲಕ್ಕೆ ಹೊರಳಿದವು, ಮೊತ್ತ ಏರಿತು.

ಅಂಗಳದ ನಲ್ಲಿಯ ಕೆಳಗೆ ಅಜ್ಜ ಮನೆಗೆ ಹೊರಡಲು ಕೈ ಉಜ್ಜಿಕೊಳ್ಳುತ್ತಿದ್ದರು. ಬಣ್ಣ ಬಿಡುತ್ತಿರಲಿಲ್ಲ.

"ತಪ್ಪಾಯ್ತು, ಅಜ್ಜ," ಎಂದಳು ತಂಗಿ.

ಅವರು ನಲ್ಲಿ ನಿಲ್ಲಿಸಿದರು. ಎಷ್ಟೋ ಕಾಲದಿಂದ ಅವಳನ್ನು ಅಮ್ಮ ಎನ್ನುತ್ತಿದ್ದವರು, ಅಂದು ಹಾಗೆನ್ನಲಿಲ್ಲ.

"ಕಳ್ಳ ಅನ್ನೋಕೆ ಮುಂಚೆ ನನ್ನನ್ನೂ ಒಂದು ಮಾತು ಕೇಳಬಹುದಿತ್ತಲ್ಲ, ಮಗೂ."