ನಲವತ್ತೇಳನೆಯ ಹೆಸರು

ಹತ್ತನೇ ತರಗತಿಯಲ್ಲಿ ನಲವತ್ತೇಳು ಮಕ್ಕಳು. ಪ್ರಿಂಟರಿನಿಂದ ಹೊರಬಂದ ಪಟ್ಟಿಯಲ್ಲಿ ನಲವತ್ತಾರು ಹೆಸರು.

ಮೂರು ಸಲ ಎಣಿಸಿದೆ. ಗಣಿತದ ಟೀಚರು ಎಣಿಕೆಯಲ್ಲಿ ತಪ್ಪಿದರೆ ನಾಚಿಕೆಗೇಡು. ನಾನು ತಪ್ಪಿರಲಿಲ್ಲ. ಒಂದು ಹೆಸರು ಮಾಯವಾಗಿತ್ತು.

ಅದು 2006ರ ನವೆಂಬರ್ 27, ಸೋಮವಾರ. ವಾಡಿಯ ನಮ್ಮ ಪ್ರೌಢಶಾಲೆಯಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವವರ ಪಟ್ಟಿ ಬುಧವಾರ ಸಂಜೆಯೊಳಗೆ ಗುಲ್ಬರ್ಗಾ ಮುಟ್ಟಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಹಾಲ್ ಟಿಕೆಟ್ ಇಲ್ಲ.

ಹಾಜರಿ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಹೆಸರು ತಾಳೆ ನೋಡಿದೆ. ಇಲ್ಲದ್ದು ಲುಂಬಿನಿ. ಕಲ್ಲುಗಣಿಯಲ್ಲಿ ದುಡಿಯುವ ಲಾಲಪ್ಪನ ಮಗಳು. ಅದೇ ಹೊತ್ತಿಗೆ ಅವಳು ಗೋಡೆಯಾಚೆಯ ಕ್ಲಾಸಿನಲ್ಲಿ ಎರಡನೇ ಬೆಂಚಿನ ಮೇಲೆ ಕೂತು ಇತಿಹಾಸ ಬರೆದುಕೊಳ್ಳುತ್ತಿದ್ದಳು.

ಕಂಪ್ಯೂಟರಿನಲ್ಲಿ ಅವಳ ಹೆಸರು ಹೊಡೆದೆ. ಪರದೆ ಉತ್ತರಿಸಿತು.

'ಟಿ.ಸಿ. ನೀಡಲಾಗಿದೆ. ಕ್ರಮಸಂಖ್ಯೆ 31. ದಿನಾಂಕ 10-11-2006. ವೇಳೆ 11:20. ಬಳಕೆದಾರರು: ವಿಜಯಶ್ರೀ.'

ವಿಜಯಶ್ರೀ ಅಂದರೆ ನಾನೇ.

* * *

ಆ ತಂತ್ರಾಂಶವನ್ನು ಆಡಳಿತ ಮಂಡಳಿ ಆ ವರ್ಷವೇ ತಂದಿತ್ತು. ಮಕ್ಕಳ ಹೆಸರು, ಹಾಜರಿ, ಅಂಕ, ಟಿ.ಸಿ., ಎಲ್ಲ ಅದರ ಹೊಟ್ಟೆಯಲ್ಲಿ. ಮೂರು ದಿನ ತರಬೇತಿಗೆ ಹೋಗಿಬಂದವಳು ನಾನೊಬ್ಬಳೇ. ಹಾಗಾಗಿ ಅದು ನನ್ನ ಕೊರಳಿಗೆ ಬಿತ್ತು. ಬೆಳಿಗ್ಗೆ ಪಾಠ, ಬಿಡುವಿನಲ್ಲಿ ಕಂಪ್ಯೂಟರ್. ಹಳೆಯ ಸಾಮಾನಿನ ಕೋಣೆ, ಕಿಟಕಿ ಇಲ್ಲ, ಒಂದೇ ಬಾಗಿಲು. ಒಳಗೆ ಕೂತರೆ ಮಳೆ ಬಂದರೂ ತಿಳಿಯದು.

ಅದರ ಮೇಲೆ ಆ ಯಂತ್ರಕ್ಕೊಂದು ರೋಗ. ಒಳಗಿನ ಸಣ್ಣ ಸೆಲ್ ಸತ್ತಿತ್ತು. ಪ್ರತಿ ಸಲ ಹಚ್ಚಿದಾಗ 1998ರ ಜನವರಿ ಒಂದು ಅನ್ನುತ್ತಿತ್ತು. ಈ ಶಾಲಾ ವರ್ಷದ ತಾರೀಕು ಹಾಕದ ಹೊರತು ತಂತ್ರಾಂಶ ಬಾಗಿಲು ತೆಗೆಯುವುದಿಲ್ಲ. ದಿನಾ ಮೊದಲು ತಾರೀಕು, ವೇಳೆ ತಿದ್ದಬೇಕು. ಆಮೇಲೆ ನನ್ನ ಗುಪ್ತಪದ.

ಹೆಡ್‌ಮಾಸ್ಟರ್ ವಿಠ್ಠಲ್‌ರಾವ್ ಸರ್ ಪರದೆಯನ್ನು ಓದಿ ಕನ್ನಡಕ ತೆಗೆದರು. ಮೂವತ್ತೈದು ವರ್ಷ ಸರ್ವಿಸಿನವರು. ಬರುವ ಮಾರ್ಚಿಗೆ ನಿವೃತ್ತಿ. ಸಿಟ್ಟು ಅವರ ಮುಖದಲ್ಲಿ ಯಾರೂ ಕಂಡಿಲ್ಲ.

"ಏನ್ ಮಾಡಿಟ್ಟೀರಿ ವಿಜಯಶ್ರೀಬಾಯಿ?"

"ನಾ ಮಾಡಿಲ್ರಿ ಸರ್."

"ಹೆಸರು ನಿಮ್ದ ಅದಲ್ಲ." ಫೈಲು ತೆರೆದು ತೋರಿಸಿದರು. ಲುಂಬಿನಿಯ ಟಿ.ಸಿ. ಅಲ್ಲಿತ್ತು. ಕೆಳಗೆ ಅವರದೇ ಸಹಿ. "ನೀವು ಕಾಗದದ ಗಡ್ಡಿ ತಂದಿಡ್ತೀರಿ, ನಾ ನಂಬಿ ಸಹಿ ಹಾಕ್ತೀನಿ. ಈಗ ನೋಡ್ರಿ."

"ಆ ಹುಡುಗಿ ಹೆಸರು ವಾಪಸ್ ತೊಗೊಳ್ರಿ ಸರ್."

"ನೀವೇ ಹೇಳಿದ್ರಲ್ಲ, ಟಿ.ಸಿ. ಕೊಟ್ಟವರನ್ನ ಮಶಿನ್ ಮತ್ತ ಒಳಗ ಬಿಡಾಂಗಿಲ್ಲ ಅಂತ." ಅದು ನಿಜ. ನಾನೇ ಹೇಳಿದ್ದೆ. "ಒಂದ್ ಕೆಲಸ ಮಾಡ್ರಿ. ಕೈ ತಪ್ಪಿ ಆಗ್ಯದ ಅಂತ ಒಂದು ಕಾಗದ ಬರದು ಕೊಡ್ರಿ. ಮಂಡಳಿಯವರನ್ನ ನಾ ಸಂಭಾಳಿಸ್ತೀನಿ. ಹುಡುಗಿ ಮುಂದಿನ ವರ್ಷ ಖಾಸಗಿಯಾಗಿ ಪರೀಕ್ಷಾ ಕಟ್ಲಿ."

"ಬರಿಲಿಲ್ಲಂದ್ರ?"

"ದಾಖಲಾತಿ ತಿದ್ದಿದ್ದು ಸಣ್ಣ ಗುನ್ನೆ ಅಲ್ಲಮ್ಮ. ಪೊಲೀಸು, ಸಸ್ಪೆಂಡು. ಬುಧವಾರ ಚಿತ್ತಾಪುರದಿಂದ ವಿಚಾರಣಿಗಿ ಇಲಾಖೆ ಮೇಡಂ ಬರ್ತಾರ. ಅಷ್ಟರಾಗ ವಿಚಾರ ಮಾಡ್ರಿ."

ಬರೆದರೆ ಹುಡುಗಿ ಮುಳುಗುತ್ತಾಳೆ. ಬರೆಯದಿದ್ದರೆ ನಾನೂ ಮುಳುಗುತ್ತೇನೆ, ಅವಳೂ ಮುಳುಗುತ್ತಾಳೆ. ಬೋನಿನಲ್ಲಿ ಸಿಕ್ಕ ಇಲಿಗೂ ಬಂದ ದಾರಿಯಾದರೂ ಕಾಣುತ್ತದೆ. ನನಗೆ ಅದೂ ಕಾಣಲಿಲ್ಲ.

* * *

ಸಂಜೆ ಲಾಲಪ್ಪನ ಮನೆಗೆ ಹೋದೆ. ಅವನು ಆಗಷ್ಟೇ ಗಣಿಯಿಂದ ಬಂದಿದ್ದ. ಕಣ್ಣರೆಪ್ಪೆಯ ಮೇಲೂ ಕಲ್ಲಿನ ಪುಡಿ.

"ಮಗಳ ಟಿ.ಸಿ. ಕೇಳಿದ್ಯಾ ಲಾಲಪ್ಪ?"

"ನಾ ಯಾಕ ಕೇಳ್ಲಿರಿ ಬಾಯೋರೆ? ಸಾಲಿ ಕಡಿ ಬಂದು ಆರು ತಿಂಗ್ಳಾತು." ಒಳಗೆ ನೋಡಿ ದನಿ ತಗ್ಗಿಸಿದ. "ಈ ವರ್ಷ ಪರೀಕ್ಷಾ ಆಗ್ಲೇಬೇಕ್ರಿ. ಇಕಿ ಸೋದರಮಾವ ಲಗ್ನ ಮಾಡಿಕೊಡು ಅಂತ ಬೆನ್ನು ಹತ್ಯಾನ. ಹತ್ತನೆತ್ತ ಮುಗೀಲಿ ಅಂತ ತಡದೀನಿ. ಒಂದ್ ವರ್ಷ ಮನ್ಯಾಗ ಕುಂತ್ಳಂದ್ರ ನನ್ನ ಮಾತು ನಡ್ಯಾಂಗಿಲ್ರಿ."

ಲುಂಬಿನಿ ಗಣಿತದ ನೋಟುಬುಕ್ಕು ಹಿಡಿದು ಬಂದಳು. "ಬಾಯೋರೆ, ಈ ಪ್ರಮೇಯ ಒಮ್ಮಿ ನೋಡ್ರಿ."

ನೋಡಿದೆ. ಒಂದಕ್ಷರವೂ ಕಾಣಲಿಲ್ಲ. ಅವಳಿಗೆ ವಿಷಯ ಹೇಳುವ ಧೈರ್ಯವಾಗಲಿಲ್ಲ. ಸರಿ ಇದೆ ಅಂದುಬಿಟ್ಟೆ.

* * *

ಮಂಗಳವಾರ ನನ್ನ ಪತ್ತೇದಾರಿಕೆ ಶುರುವಾಯಿತು. ಮೊದಲ ಸಂಶಯ ವಿಜ್ಞಾನದ ನಂದಕಿಶೋರ್ ಮೇಲೆ. ನನ್ನ ಗುಪ್ತಪದ ಗೊತ್ತಿದ್ದವರು ನಾವಿಬ್ಬರೇ. ನಾನು ರಜೆ ಹಾಕಿದಾಗ ಕೆಲಸ ನಿಲ್ಲಬಾರದೆಂದು ಅವರಿಗೆ ಹೇಳಿದ್ದೆ. ಮಂಡಳಿಯ ನಿಯಮದ ಪ್ರಕಾರ ಒಂದು ಲಕೋಟೆಯಲ್ಲಿ ಬರೆದು, ಅರಗು ಹಚ್ಚಿ, ಹೆಡ್‌ಮಾಸ್ಟರರ ಕಪಾಟಿನಲ್ಲೂ ಇಟ್ಟಿದ್ದೆ. ವಿಠ್ಠಲ್‌ರಾವ್ ಸರ್‌ಗೆ ಮೌಸ್ ಹಿಡಿಯಲು ಬರುತ್ತಿದ್ದದ್ದೇ ಈಚೆಗೆ. ಒಂದು ತಿಂಗಳಿಂದ ಸಂಜೆ ನನ್ನ ಪಕ್ಕ ಕೂತು ಕಲಿಯುತ್ತಿದ್ದರು. ಈ ವಯಸ್ಸಿನಲ್ಲೂ ಕಲಿಯುವ ಆಸೆ ಎಂದು ನಾನು ಹಿಗ್ಗಿದ್ದೆ.

ನಂದಕಿಶೋರ್ ಸಿಡಿದುಬಿದ್ದರು. "ಹತ್ತನೇ ತಾರೀಖು ಮೂರನೇ ಪೀರಿಯಡ್ ನಾ ಒಂಬತ್ತನೆತ್ತದಾಗ ಇದ್ದೆ. ಮಕ್ಕಳನ್ನ ಕೇಳ್ರಿ!"

"ಆ ಮಶಿನ್‌ದಾಗ ಯಾವ ತಾರೀಖು ಬೇಕಾದ್ರೂ ಹಾಕ್ಬಹುದು ನಂದಕಿಶೋರ್. ನೀವು ಎಲ್ಲಿದ್ರಿ ಅನ್ನೂದು ಉಪಯೋಗ ಇಲ್ಲ."

"ಹಂಗಾದ್ರ ನೀವು ಎಲ್ಲಿದ್ರಿ ಅನ್ನೂದೂ ಉಪಯೋಗ ಇಲ್ಲಲ್ರಿ!"

ಮಾತು ಚುರುಕ್ಕೆಂದಿತು. ಆದರೆ ತಲೆಯಲ್ಲೊಂದು ದೀಪವೂ ಹೊತ್ತಿತು. ಓಡಿಹೋಗಿ ಟಿ.ಸಿ. ಫೈಲು ತೆಗೆದೆ. ಮೂವತ್ತನೇ ಟಿ.ಸಿ. ಚಿಂಚೋಳಿಗೆ ಹೋದ ಹುಡುಗನದು. ಅದನ್ನು ನಾನೇ ನವೆಂಬರ್ 17ಕ್ಕೆ ಕೊಟ್ಟಿದ್ದೆ. ಲುಂಬಿನಿಯದು ಮೂವತ್ತೊಂದು, ತಾರೀಕು ಮಾತ್ರ ಹತ್ತು. ತಾರೀಕನ್ನು ಕೈಯಿಂದ ಹಾಕಬಹುದು. ಕ್ರಮಸಂಖ್ಯೆಯನ್ನು ಮಾತ್ರ ಯಂತ್ರವೇ ಹಾಕುತ್ತದೆ, ಅದು ಯಾರ ಮಾತೂ ಕೇಳುವುದಿಲ್ಲ. ಅಂದರೆ ಕೆಲಸ ನಡೆದದ್ದು 17ರ ನಂತರ. ಯಾರೋ ಬೇಕೆಂದೇ ಹಿಂದಿನ ತಾರೀಕು ಹಾಕಿದ್ದಾರೆ. ಮೂರನೇ ಪೀರಿಯಡ್ ನನಗೆ ಬಿಡುವು, ಆ ಹೊತ್ತಿಗೆ ನಾನು ಆ ಕೋಣೆಯಲ್ಲೇ ಇರುತ್ತೇನೆ. ಅದನ್ನೂ ನೋಡಿಕೊಂಡಿದ್ದಾರೆ.

ಖುಷಿ ಎರಡು ನಿಮಿಷ ನಿಲ್ಲಲಿಲ್ಲ. ಹಿಂದಿನ ತಾರೀಕು ನೀನೇ ಹಾಕಿರಬಹುದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಉಳಿದದ್ದು ಕೀಲಿಕೈ. ಜವಾನ ಮೌಲಾಲಿಯನ್ನು ಹಿಡಿದೆ.

"ಆ ಕ್ವಾಣಿ ಕೀಲಿ ಯಾರಿಗರ ಕೊಟ್ಟಿದ್ಯಾ?"

"ಇಲ್ರಿ ಬಾಯೋರೆ. ಒಂದು ನನ್ನ ಬಲ್ಲಿ, ಇನ್ನೊಂದು ದೊಡ್ಡ ಸಾಹೇಬ್ರ ಬಲ್ಲಿ."

"ಹದಿನೇಳರ ಮ್ಯಾಲ ಯಾರರ ಒಳಗ ಹೋಗಿದ್ರೇನು? ಇಲ್ಲಾ ಹತ್ತನೇ ತಾರೀಖಿನ ವಾರ?"

"ಆ ವಾರದ ಹೆಸರು ತೆಗೀಬ್ಯಾಡ್ರಿ." ಮೌಲಾಲಿ ಅಂಗೈ ಚಾಚಿದ. ಬೊಕ್ಕೆ ಒಣಗಿ ಸಿಪ್ಪೆ ಎದ್ದಿತ್ತು. "ಆರು ದಿನ ಬಾವಿಯಿಂದ ನೀರು ಸೇದೀನ್ರಿ, ಪೂರಾ ಸಾಲಿಗಿ ಒಬ್ಬನೇ. ಮೋಟಾರ್ ನಡೀಬೇಕಂದ್ರ ಕರೆಂಟ್ ಬೇಕಲ್ರಿ? ನಮ್ಮ ಗಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಸೋಮವಾರ ಸುಟ್ಟಿದ್ದು ಶನಿವಾರ ರಾತ್ರಿ ಹಾಕ್ಯಾರ. ಮರತ್ರೇನು?"

ಮರೆತಿದ್ದೆ! ಹದಿನೇಳು ದಿನಗಳ ಹಿಂದಿನ ಕರೆಂಟು ಯಾರಿಗೆ ನೆನಪಿರುತ್ತದೆ? ಮೌಲಾಲಿಯ ಕೈಗೆ ಮುತ್ತಿಡಬೇಕೆನಿಸಿತು. ನವೆಂಬರ್ ಆರರಿಂದ ಹನ್ನೊಂದರವರೆಗೆ ಆ ಕಂಪ್ಯೂಟರ್ ಹಚ್ಚಲು ಸಾಧ್ಯವೇ ಇರಲಿಲ್ಲ. ಆ ವಾರ ಶಾಲೆಯಲ್ಲಿದ್ದವರಿಗೆಲ್ಲ ಇದು ಗೊತ್ತು. ಗೊತ್ತಿದ್ದವರು ಯಾರೂ ಆ ತಾರೀಕು ಆರಿಸುತ್ತಿರಲಿಲ್ಲ. ಗೊತ್ತಿಲ್ಲದವರು ಒಬ್ಬರೇ ಇದ್ದರು.

ಆ ಹೆಸರು ಹೊಳೆದಾಗ ನನಗೆ ಅಳು ಬಂತು.

ನಂದಕಿಶೋರ್ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಒಂದು ಉಪಕಾರವನ್ನೂ ಕೇಳಿದೆ. ಮುಖ ಊದಿಸಿಕೊಂಡೇ ಸೈಕಲ್ ಹತ್ತಿದರು.

* * *

ಬುಧವಾರ ಹನ್ನೆರಡಕ್ಕೆ ಚಿತ್ತಾಪುರದ ಶಿಕ್ಷಣ ಇಲಾಖೆಯಿಂದ ಜಾನಕೀಬಾಯಿ ಮೇಡಂ ಬಂದರು. ಹೆಡ್‌ಮಾಸ್ಟರರ ಕೋಣೆಯಲ್ಲಿ ವಿಚಾರಣೆ. ಬಾಗಿಲು ಮುಚ್ಚಿದರು. ಮೌಲಾಲಿ ಚಹಾ ಹಿಡಿದು ಒಳಗೇ ನಿಂತ.

"ನಿಮ್ಮ ಹೆಸರಿನ ಮ್ಯಾಲ ಟಿ.ಸಿ. ಆಗ್ಯದ. ತಪ್ಪು ಒಪ್ಕೋತೀರೇನ್ರಿ?"

"ಇಲ್ರಿ ಮೇಡಂ. ಸರ್‌ಗೆ ಒಂದೆರಡು ಮಾತು ಕೇಳಬಹುದೇನ್ರಿ?"

"ಕೇಳ್ರಿ."

"ಸರ್, ಹತ್ತನೇ ತಾರೀಖು ಶುಕ್ರವಾರ, ಮೂರನೇ ಪೀರಿಯಡ್. ನಾ ಕಂಪ್ಯೂಟರ್ ಮುಂದ ಕುಂತಿದ್ದು ನೋಡಿದವರು ಯಾರರ ಅದಾರೇನ್ರಿ?"

ವಿಠ್ಠಲ್‌ರಾವ್ ಸರ್ ನಿಟ್ಟುಸಿರುಬಿಟ್ಟರು. ನನ್ನ ಮೇಲೆ ಮರುಕ ಬಂದವರ ಹಾಗೆ. "ಹೇಳಬಾರದಂತಿದ್ದೆ ತಾಯಿ. ನಾನೇ ನೋಡೀನಿ. ರೌಂಡ್ ಬಂದಾಗ ನೀವು ಟಕಟಕ ಬಡಿಲಿಕತ್ತಿದ್ರಿ."

"ಪ್ರಿಂಟರ್ ನಡದಿತ್ತೇನ್ರಿ?"

"ಕರಕರ ಅನ್ನಾಕತ್ತಿತ್ತು. ಮ್ಯಾಲ ಫ್ಯಾನ್ ತಿರಗತಿತ್ತು, ಕಾಗದ ಹಾರ್ತಾವ ನೋಡ್ರಿ ಅಂತ ನಿಮಗ ನಾನೇ ಅಂದೀನಿ. ಮರತೀರೇನು?"

ಮೌಲಾಲಿ ಚಹಾದ ತಟ್ಟೆ ಮೇಜಿನ ಮೇಲಿಟ್ಟ. "ಫ್ಯಾನ್ ಹೆಂಗ ತಿರಗ್ತದ್ರಿ ಸಾಹೇಬ್ರ?"

ನಾನು ನಂದಕಿಶೋರ್ ತಂದುಕೊಟ್ಟ ಕಾಗದವನ್ನು ಮೇಜಿನ ಮೇಲಿಟ್ಟೆ. ವಿದ್ಯುತ್ ಕಚೇರಿಯ ಮೊಹರಿತ್ತು. ಶಾಲೆಯ ಬೀದಿಗೆ ನವೆಂಬರ್ 6ರಿಂದ 11ರವರೆಗೆ ಸರಬರಾಜು ಇರಲಿಲ್ಲ.

ಮೇಡಂ ಓದಿದರು. ಇನ್ನೊಮ್ಮೆ ಓದಿದರು. "ಬಿಡಿಸಿ ಹೇಳ್ರಿ ಟೀಚರ್."

"ಕರೆಂಟ್ ಇಲ್ಲದ ದಿನ ಟಿ.ಸಿ. ಛಾಪಿಸಲಿಕ್ಕೆ ಆಗಾಂಗಿಲ್ರಿ. ಕ್ರಮಸಂಖ್ಯೆ ಪ್ರಕಾರ ಇದು ಹದಿನೇಳರ ನಂತರದ್ದು. ಯಾರೋ ಸುಳ್ಳು ತಾರೀಖು ಹಾಕ್ಯಾರ. ಆ ವಾರ ಸಾಲ್ಯಾಗ ಇದ್ದವರು ಯಾರೂ ಆ ತಾರೀಖು ಹಾಕ್ತಿದ್ದಿಲ್ಲ. ಸರ್ ಇದ್ದಿಲ್ಲ. ಮಗಳ ಹೆರಿಗಿಗಿ ಪುಣೆಗೆ ಹೋಗಿದ್ರು. ಸೋಮವಾರ ಬಂದು ಮೊಮ್ಮಗಳು ಹುಟ್ಯಾಳಂತ ನಮಗೆಲ್ಲ ಪೇಢಾ ಹಂಚಿದ್ರು. ಅಷ್ಟರಾಗ ಕರೆಂಟ್ ಬಂದಿತ್ತು. ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ."

ಮೇಡಂ ಶಿಕ್ಷಕರ ಹಾಜರಿ ಪುಸ್ತಕ ಎಳೆದುಕೊಂಡರು. ಆರು ದಿನಕ್ಕೂ ಹೆಡ್‌ಮಾಸ್ಟರರ ಸಹಿ ಇತ್ತು. ಒಂದೇ ಶಾಯಿ, ಒಂದೇ ಓಟ. ಊರಿಗೆ ಹೋಗಿಬಂದವರು ಒಟ್ಟಿಗೆ ಸಹಿ ಮಾಡುವುದು ನಮ್ಮಲ್ಲಿ ಹೊಸದೇನಲ್ಲ. ಅದಕ್ಕೇ ನಾವ್ಯಾರೂ ಅದನ್ನು ಗಮನಿಸಿರಲಿಲ್ಲ.

"ಸಾಹೇಬ್ರೆ, ಪುಣೆದಾಗಿಂದ ಇಲ್ಲಿ ಫ್ಯಾನ್ ಕಾಣತದೇನ್ರಿ?" ಮೇಡಂ ಕೇಳಿದರು.

"ಲಕೋಟಿ ತೋರಸ್ರಿ ಸರ್," ನಾನೆಂದೆ. "ನನ್ನ ಗುಪ್ತಪದದ್ದು. ಅರಗು ಒಡದದೇನು ನೋಡೋಣ."

ಅವರು ಕಪಾಟು ತೆಗೆಯಲಿಲ್ಲ. ತೆಗೆಯುವ ಅಗತ್ಯವಿರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ವರ್ಷ ಸಾಲಿ ರಿಸಲ್ಟ್ ನೂರಕ್ಕ ನೂರು ಬಂದದ ಮೇಡಂ. ಮೂರನೇ ವರ್ಷನೂ ಬಂದ್ರ ನಿವೃತ್ತಿ ಆದ ಮ್ಯಾಲೂ ಇಟ್ಕೋತೀವಿ ಅಂದ್ರು ಮಂಡಳಿಯವರು. ಉಳಿದವರೆಲ್ಲ ದಾಟ್ತಾರ. ಆ ಹುಡುಗಿ ಒಬ್ಬಾಕಿ ಗಣಿತದಾಗ ಹೋಗ್ತಾಳ. ಅರ್ಧವಾರ್ಷಿಕದಾಗ ಹನ್ನೆರಡು ಬಂದದ್ರಿ."

"ಹೋದ ವಾರದ ಕಿರುಪರೀಕ್ಷೆದಾಗ ಇಪ್ಪತ್ತೈದಕ್ಕ ಎಂಟು ಬಂದದ್ರಿ ಸರ್," ನಾನೆಂದೆ. "ಅದಿರ್ಲಿ. ನನ್ನ ಹೆಸರು ಯಾಕ ಹಾಕಿದ್ರಿ? ಕಂಪ್ಯೂಟರ್ ಕಲಿಸಿದ್ದಕ್ಕೇನ್ರಿ?"

"ನಿನ್ನ ಮ್ಯಾಲ ಸಿಟ್ಟಿಲ್ಲಮ್ಮ." ಅದೇ ಶಾಂತ ಮುಖ. "ಅದರಾಗ ಒಂದು ಹೆಸರು ಹಾಕ್ಲೇಬೇಕಾಗಿತ್ತು. ನಿಂದೊಂದೇ ಇತ್ತು."

ಅವರು ಬೈದಿದ್ದರೆ ಮರೆಯುತ್ತಿದ್ದೆನೇನೋ. ಈ ಮಾತು ಇವತ್ತಿಗೂ ಮರೆತಿಲ್ಲ.

* * *

ಯಂತ್ರ ಲುಂಬಿನಿಯನ್ನು ಒಳಗೆ ಬಿಡಲಿಲ್ಲ. ನಾನು ನಾಲ್ಕು ದಾರಿ ಹಿಡಿದು ನೋಡಿದೆ, ನಾಲ್ಕೂ ಬಂದ್. ಗಡಿಯಾರ ಎರಡೂಮುಕ್ಕಾಲು ತೋರಿಸುತ್ತಿತ್ತು.

"ಸರೀರಿ ಆಕಡಿ," ಅಂದರು ಜಾನಕೀಬಾಯಿ ಮೇಡಂ. ಛಾಪಿಸಿದ ಪಟ್ಟಿಯ ಕೆಳಗೆ ಪೆನ್ನಿನಿಂದ 47 ಬರೆದರು, ಮುಂದೆ ಲುಂಬಿನಿಯ ಹೆಸರು. ಪಕ್ಕದಲ್ಲಿ ಟಿ.ಸಿ. ರದ್ದು ಎಂದು ಆದೇಶ, ಸಹಿ, ಮೊಹರು. "ಮಶಿನ್ ಒಪ್ಪಲಿಲ್ಲಂದ್ರ ಸರ್ಕಾರ ಒಪ್ತದ. ನಡೀರಿ, ನಾನೂ ಬರ್ತೀನಿ."

ರೈಲಿನಲ್ಲಿ ಕೂರಲು ಜಾಗವಿರಲಿಲ್ಲ. ಬಾಗಿಲ ಹತ್ತಿರ ನಿಂತು ಪಟ್ಟಿಯನ್ನು ಎದೆಗವಚಿಕೊಂಡೆ. ಶಹಾಬಾದ್ ದಾಟುವಾಗ ಗಾಳಿ ಮುಖಕ್ಕೆ ಬಡಿಯಿತು. ಮೂರು ದಿನಗಳ ನಂತರ ಪೂರ್ತಿ ಉಸಿರು ಎಳೆದುಕೊಂಡೆ. ಐದಕ್ಕೆ ಹತ್ತು ನಿಮಿಷವಿರುವಾಗ ಗುಲ್ಬರ್ಗಾದ ಕಚೇರಿಯಲ್ಲಿ ಸ್ವೀಕೃತಿ ಸಿಕ್ಕಿತು.

ವಿಠ್ಠಲ್‌ರಾವ್ ಸರ್ ಮೇಲೆ ಇಲಾಖೆ ಕ್ರಮ ಕೈಗೊಂಡಿತು. ಮಾರ್ಚಿನವರೆಗೂ ಅವರು ಶಾಲೆಗೆ ಬರಲಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನಲವತ್ತಾರು ಮಕ್ಕಳು ಪಾಸು. ಲುಂಬಿನಿಗೆ ಗಣಿತದಲ್ಲಿ ಮೂವತ್ತೊಂದು, ನಾಲ್ಕು ಅಂಕ ಕಡಿಮೆ. ವಿಠ್ಠಲ್‌ರಾವ್ ಸರ್ ಅಂದಾಜು ಸರಿಯಾಗಿಯೇ ಇತ್ತು.

ಅವಳೆದುರು ಹೇಗೆ ನಿಲ್ಲಲಿ ಎಂದು ನಾನು ಹೆದರಿ ಕೂತಿದ್ದೆ. ಅವಳೇ ಮನೆಗೆ ಬಂದಳು. ಅತ್ತು ಕಣ್ಣು ಊದಿದ್ದವು. ಕೈಯಲ್ಲಿ ಅಂಕಪಟ್ಟಿ ಇತ್ತು.

"ಐದರಾಗ ಪಾಸಾಗೀನ್ರಿ ಬಾಯೋರೆ. ಇದೊಂದೇ ಉಳಿದದ. ಜೂನ್ ತನಕ ತಡಿ ಅಂತ ಅಪ್ಪ ಮಾವಗ ಹೇಳ್ಯಾನ." ಚಾಪೆಯ ಮೇಲೆ ಕೂತು ನೋಟುಬುಕ್ಕು ಬಿಚ್ಚಿದಳು. "ನಾಕೇ ನಾಕು ಮಾರ್ಕ್ಸ್ ರೀ. ಎಲ್ಲಿ ಹೋದ್ವು ಅಂತ ಹುಡುಕಿ ಕೊಡ್ರಿ."

ಜೂನ್ ಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ ಐವತ್ತೆರಡು ಬಂತು.